ಮುಂಜಾನೆ ಏಳದ ಕಂಪ್ಯೂಟರ್

ನಮ್ಮ ಮನೆಯ ಕಂಪ್ಯೂಟರ್ ಕೆಟ್ಟಿದೆ ಎಂದು ಮೊದಲು ಕಂಡವರು ನಮ್ಮ ಮಾವನವರು. ರೋಣದ ಪೇಟೆಯಲ್ಲಿ ಬಹಳ ವರ್ಷ ಹತ್ತಿ, ಶೇಂಗಾ ವ್ಯಾಪಾರ ಮಾಡಿ, ಅಂಗಡಿಯನ್ನು ಮಗನಿಗೆ, ಅಂದರೆ ನನ್ನ ಗಂಡನಿಗೆ ಒಪ್ಪಿಸಿ, ಮನೆಯಲ್ಲಿ ಆರಾಮಾಗಿ ಕುಳಿತವರು. ಬೆಳಿಗ್ಗೆ ಎದ್ದು ಚಹಾ ಕುಡಿದು, ಸ್ನಾನದ ನೀರು ಕಾಯುವ ತನಕ ಕಂಪ್ಯೂಟರಿನಲ್ಲಿ ಒಬ್ಬರೇ ಇಸ್ಪೀಟು ಆಡುವುದು ಅವರ ಪದ್ಧತಿ. ಒಂದು ಚಳಿಯ ಮುಂಜಾನೆ ಅವರು ಗುಂಡಿ ಒತ್ತಿದರು. ಫ್ಯಾನು ಗಿರ್ರೆಂದಿತು, ಹಸಿರು ದೀಪ ಹತ್ತಿತು, ಮರುಕ್ಷಣ ಎರಡೂ ಸುಮ್ಮನಾದವು.

"ಯವ್ವಾ, ಇದು ಏಳವಲ್ದು ನೋಡು," ಎಂದು ಅಡುಗೆಮನೆಯ ಕಡೆ ಕೂಗಿದರು.

ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದೆ. ಕೈಗೆ ಹಿಟ್ಟು ಹತ್ತಿದ್ದರಿಂದ ಮೊಣಕೈಯಿಂದಲೇ ಗುಂಡಿ ಒತ್ತಿದೆ. ಗಿರ್ರ್, ದೀಪ, ಸುಮ್ಮನೆ. ಮತ್ತೆ ಒತ್ತಿದೆ. ಮತ್ತೆ ಅದೇ.

"ದಿನಾ ಇಸ್ಪೀಟ ಆಡಿಸಿ ಆಡಿಸಿ ಅದಕ್ಕೂ ಬ್ಯಾಸರ ಆಗೇತಿ," ಎಂದು ಅತ್ತೆ ಒಲೆಯ ಹತ್ತಿರ ಕುಳಿತೇ ತೀರ್ಪು ಕೊಟ್ಟರು.

ಮಾವನವರಿಗೆ ಅದು ಇಸ್ಪೀಟಿನ ಮಾತು, ನನಗೆ ಕಸುಬಿನ ಮಾತು. ನಾನು ಮನೆಯಲ್ಲೇ ಕುಳಿತು ಲಗ್ನಪತ್ರಿಕೆ ಅಕ್ಷರ ಜೋಡಿಸಿ ಕೊಡುತ್ತೇನೆ. ರೋಣ, ನರಗುಂದ, ಗಜೇಂದ್ರಗಡದ ಕಡೆಯ ಜನ ಹೆಸರು, ಊರು, ಮುಹೂರ್ತ ಬರೆದುಕೊಂಡು ಬರುತ್ತಾರೆ. ನಾನು ಅಂದವಾಗಿ ಜೋಡಿಸಿ ಗಜೇಂದ್ರಗಡದ ಒಂದು ಮುದ್ರಣಾಲಯಕ್ಕೆ ಕಳಿಸುತ್ತೇನೆ. ಬಾಗಿದ ಬಳ್ಳಿ, ಜೋಡಿ ನವಿಲು, ಗಣಪತಿಯ ಚಿತ್ರ ಎಲ್ಲವೂ ಆ ಹಳೆಯ ಕಂಪ್ಯೂಟರಿನಲ್ಲಿವೆ. ಕನ್ನಡ ಅಕ್ಷರದ ಸಾಫ್ಟ್‌ವೇರ್ ಕೂಡ ಹಳೆಯದು. ಅದರ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ "ಚಿರಂಜೀವಿ" ಎನ್ನುವ ಜಾಗದಲ್ಲಿ ಇಂಗ್ಲಿಷಿನ ಕೊಂಬು, ಕೊಕ್ಕೆ, ಅಡ್ಡಗೆರೆಗಳು ಬರುತ್ತವೆ. ಅದಕ್ಕೇ ನಾನು ಅದನ್ನು ಬದಲಾಯಿಸಲು ಒಪ್ಪಿರಲಿಲ್ಲ. ನನ್ನ ಗಂಡ ಅಂಗಡಿಗೆ ಹೊರಡುತ್ತ, "ಹೊಸಾದ ತಗೊಂಡ ಬಿಡು, ಇದರ ಹಣೆಬರಾ ಮುಗೀತು," ಎಂದಾಗ ನಾನು ರೊಟ್ಟಿ ಬಡಿಯಲು ಒಳಗೆ ಹೋದೆ.

ಅಂದು ಮಧ್ಯಾಹ್ನ ಊಟವಾದ ಮೇಲೆ ಸುಮ್ಮನೆ ಒಮ್ಮೆ ಒತ್ತಿ ನೋಡಿದೆ. ಏನೂ ಆಗಿಲ್ಲವೆಂಬಂತೆ ಕಂಪ್ಯೂಟರ್ ಚಾಲೂ ಆಯಿತು. ಮಾವನವರು ಮಲಗಿದ್ದವರು ಅದರ ಸಪ್ಪಳ ಕೇಳಿ ಎದ್ದು ಬಂದು, ಬೆಳಗಿನ ಬಾಕಿ ಆಟ ಆಡಿ ಮುಗಿಸಿದರು.

ಆ ದಿನವೇ ನರಗುಂದದಿಂದ ಒಬ್ಬ ಹೆಣ್ಣುಮಗಳು ಬಂದಳು. ಐವತ್ತು ದಾಟಿದವಳು, ಬಟ್ಟೆ ಹೊಲಿಯುವ ಕೆಲಸದವಳು. ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡೇ ಬಸ್ಸು ಹತ್ತಿ ಬಂದಿದ್ದಳು. ನಾನು ಮಗಳ ಮದುವೆಯೋ ಮಗನದೋ ಎಂದು ಕೇಳಿದೆ.

"ನನ್ನ ಲಗ್ನದ್ದರಿ. ನನ್ನ ಪತ್ರಿಕಿ ನಾನ ಬರಸಾಕ ಬಂದೇನಿ."

ನಗುತ್ತಲೇ ಹೇಳಿದಳು. ಚಿಕ್ಕವಳಿದ್ದಾಗ ತಂದೆ ತೀರಿಕೊಂಡು, ತಮ್ಮ ತಂಗಿಯರನ್ನು ಹೊಲಿಗೆಯ ಮೇಲೆಯೇ ದೊಡ್ಡವರನ್ನಾಗಿ ಮಾಡಿ, ಎಲ್ಲರ ಮದುವೆ ಮುಗಿಸುವಷ್ಟರಲ್ಲಿ ತನ್ನ ವಯಸ್ಸು ಹೋಗಿತ್ತು. ಈಗ ಅಬ್ಬಿಗೇರಿಯ ಒಬ್ಬ ರೈತ, ಹೆಂಡತಿ ಇಲ್ಲದವನು, ಅಂಗಿ ಹೊಲಿಸಲು ಬಂದವನು ಮತ್ತೆ ಮತ್ತೆ ಅಂಗಿ ಹೊಲಿಸಲು ಬಂದನಂತೆ.

"ಮನಷ್ಯಾಗ ಎಷ್ಟ ಅಂಗಿ ಬೇಕಾಗತಾವ್ರಿ? ನಾನ ಕೇಳಿಬಿಟ್ಟೆ, ಏನ ವಿಚಾರ ಅಂತ."

ಪತ್ರಿಕೆಯಲ್ಲಿ ಸುಖಾಗಮನ ಬಯಸುವವರು ಎಂಬಲ್ಲಿ ಯಾರ ಹೆಸರು ಹಾಕಲಿ ಎಂದು ಕೇಳಿದೆ. ತನ್ನದೇ ಹೆಸರು ಹಾಕು ಎಂದಳು. ಕಟ್ಟೆಯ ಮೇಲೆ ಕುಳಿತಿದ್ದ ಮಾವನವರಿಗೆ ಇದು ಸರಿಬರಲಿಲ್ಲ.

"ಹಿರೇರ ಹೆಸರ ಇಲ್ದ ಲಗ್ನಪತ್ರಿಕಿ ಹ್ಯಾಂಗ ಅಕ್ಕೇತವಾ?"

"ನಮ್ಮನ್ಯಾಗ ಹಿರೇರು ಅಂತ ಯಾರೂ ಉಳಿದಿಲ್ರಿ ಅಪ್ಪಾರ. ಈಗ ನಾನ ಹಿರೇಕಿ."

ಮಾವನವರು "ಅದೂ ಖರೇ ಬಿಡು," ಎಂದು ಎಲೆ ಅಡಿಕೆಗೆ ಕೈಹಾಕಿದರು.

ಅವಳಿಗೆ ಜೋಡಿ ನವಿಲು ಬೇಡವಾಗಿತ್ತು. ಅಂಚಿಗೆ ಕಸೂತಿಯ ಎಳೆ ಬೇಕು, ಅದೂ ತನ್ನ ತಾಯಿಯ ಇಳಕಲ್ ಸೀರೆಯ ಮೇಲಿದ್ದದ್ದೇ ಬೇಕು ಎಂದು ಸೀರೆಯನ್ನೇ ತಂದಿದ್ದಳು. ಅವಳು ಸೆರಗು ಹಿಡಿದು ಎಳೆ ಎಣಿಸಿ ಹೇಳುವುದು, ನಾನು ಪರದೆಯ ಮೇಲೆ ಚುಕ್ಕೆ ಚುಕ್ಕೆ ಕೂಡಿಸುವುದು. ಮಧ್ಯಾಹ್ನವೆಲ್ಲ ಹಾಗೇ ಕಳೆಯಿತು. ಒಂದು ಬದಿಯ ಅಂಚು ಮುಗಿದಾಗ ಬಸ್ಸಿನ ಹೊತ್ತಾಯಿತು. ಉಳಿದದ್ದನ್ನು ಮುಂದಿನ ವಾರ ಬಂದು ಕುಳಿತು ಮುಗಿಸೋಣ ಎಂದು ಹೊರಟಳು.

ಮರುದಿನ ಬೆಳಿಗ್ಗೆ ಕಂಪ್ಯೂಟರ್ ಮತ್ತೆ ಏಳಲಿಲ್ಲ. ಅದರ ಮರುದಿನವೂ ಇಲ್ಲ. ಮಧ್ಯಾಹ್ನ ಒಮ್ಮೆ ಎದ್ದರೆ ಸಂಜೆಯ ತನಕ ತಕರಾರಿಲ್ಲದೆ ಕೆಲಸ ಮಾಡುತ್ತಿತ್ತು. ಆದರೆ ಏಳುವ ಹೊತ್ತು ದಿನದಿನಕ್ಕೆ ಮುಂದೆ ಹೋಗತೊಡಗಿತು. ನಾನು ಇನ್ನು ತಡ ಮಾಡಬಾರದೆಂದು ಗಜೇಂದ್ರಗಡಕ್ಕೆ ಒಯ್ದು ತೋರಿಸಲು ನಿಶ್ಚಯಿಸಿದೆ. ಅಲ್ಲಿಯ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ದುರಸ್ತಿ ಮಾಡುವ ಒಬ್ಬನಿದ್ದ. ಮುದ್ರಣಾಲಯದವರ ಕೆಲಸವನ್ನೂ ಅವನೇ ನೋಡುತ್ತಿದ್ದ.

ಪೆಟ್ಟು ಬೀಳದಿರಲೆಂದು ಅತ್ತೆ ಸಿಪಿಯು ಡಬ್ಬಿಗೆ ಒಂದು ಕೌದಿ ಸುತ್ತಿ ಕೊಟ್ಟರು. ಬಸ್ಸಿನಲ್ಲಿ ಕಿಟಕಿಯ ಬದಿಗೆ ಜಾಗ ಸಿಕ್ಕಿತು. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದು ಕುಳಿತೆ. ಇಟಗಿಯ ಭೀಮವ್ವನ ಗುಡಿಗೆ ಹೊರಟಿದ್ದ ಒಬ್ಬ ಮುದುಕಿ ಪಕ್ಕದಲ್ಲಿದ್ದಳು. ಕೌದಿಯ ಮೇಲೆ ಮೆಲ್ಲಗೆ ಕೈಯಾಡಿಸಿ, "ಕೂಸ ಮಲಗೇತೇನವಾ?" ಎಂದಳು.

"ಇಲ್ರಿ ಆಯಿ, ಕಂಪ್ಯೂಟರ್. ಆರಾಮ ಇಲ್ಲ, ತೋರಸಾಕ ಒಯ್ದೇನಿ."

ಅಷ್ಟರಲ್ಲಿ ಕಂಡಕ್ಟರ್ ಬಂದ. ನನಗೆ ಹೆಂಗಸರ ಪುಕ್ಕಟೆ ಟಿಕೆಟ್ ಹರಿದುಕೊಟ್ಟು, ಕೌದಿಯ ಗಂಟನ್ನು ಗಂಭೀರವಾಗಿ ನೋಡಿದ.

"ಇದು ಹೆಣ್ಣೋ ಗಂಡೋ?"

"ಯಾಕ್ರಿ?"

"ಹೆಣ್ಣಾದ್ರ ಫ್ರೀ. ಗಂಡಾದ್ರ ಲಗೇಜ ತಗಸಬೇಕಾಕ್ಕೇತಿ."

ಬಸ್ಸಿನ ಅರ್ಧ ಜನ ನಕ್ಕರು. "ಸುಮ್ನ ಹೋಗೋ ಯಪ್ಪಾ, ಆರಾಮ ಇಲ್ದ ಕೂಸಿಗೆ ಟಿಕೆಟ್ ಕೇಳ್ತಿಯಲ್ಲ," ಎಂದು ಮುದುಕಿ ಗದರಿದಳು. ಇಟಗಿಯಲ್ಲಿ ಇಳಿಯುವಾಗ, "ನಿಂದೂ ಒಂದ ಮಾತ ಅವ್ವಗ ಹೇಳ್ತೀನಿ ತಗೋ," ಎಂದು ಕೌದಿಗೊಂದು ನಮಸ್ಕಾರ ಮಾಡಿದಳು. ಅಲ್ಲಿಂದ ಮುಂದೆ ಗಜೇಂದ್ರಗಡದ ತನಕ ಕಿಟಕಿಯ ಬಿಸಿಲು ನನ್ನ ತೊಡೆಯ ಮೇಲೇ ಬೀಳುತ್ತಿತ್ತು. ಕೌದಿಯೊಳಗಿನ ಡಬ್ಬಿ ಕಾದು, ಕೈಗೆ ಹಿತವಾಗಿತ್ತು. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ದುರಸ್ತಿಯವನು ಮೂವತ್ತರ ಆಸುಪಾಸಿನವನು, ನಗುಮುಖದವನು. ಡಬ್ಬಿಯನ್ನು ಮೇಜಿನ ಮೇಲಿಟ್ಟು ವೈರು ಸಿಕ್ಕಿಸಿ ಗುಂಡಿ ಒತ್ತಿದ. ಒಂದೇ ಒತ್ತಿಗೆ ಚಾಲೂ ಆಯಿತು.

"ಏನಾಗೇತ್ರಿ ಅಕ್ಕಾರ ಇದಕ್ಕ?"

ನನಗೆ ನಾಚಿಕೆಯಾಯಿತು. ಮನೆಯಲ್ಲಿ ಅಳುವ ಕೂಸು ಡಾಕ್ಟರರ ಮುಂದೆ ನಕ್ಕ ಹಾಗಾಯಿತು. ಬಂದ್ ಮಾಡಿ ಮತ್ತೆ ಹಚ್ಚಿದ, ಮತ್ತೆ ಬಂದ್ ಮಾಡಿದ. ಪ್ರತಿ ಸಲವೂ ಎದ್ದಿತು. ಬಂದ ಕೆಲಸ ಬರಿದಾಗಬಾರದೆಂದು ಒಳಗಿನ ಧೂಳು ಊದಿ ತೆಗೆದ, ರ‍್ಯಾಮ್ ಪಟ್ಟಿಯನ್ನು ಕಿತ್ತು ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿದ. ಕಡೆಗೆ, "ಎಸ್‌ಎಂಪಿಎಸ್ ಮ್ಯಾಲ ನನಗ ಸ್ವಲ್ಪ ಡೌಟ್ ಐತ್ರಿ," ಎಂದ. ಗೋಡೆಯಿಂದ ಬಂದ ಕರೆಂಟನ್ನು ಒಳಗಿನ ಭಾಗಗಳಿಗೆ ಹದಮಾಡಿ ಹಂಚುವ ಪೆಟ್ಟಿಗೆ ಅದು. ತನ್ನ ಅಂಗಡಿಯ ಒಂದನ್ನು ಅದರ ಜಾಗದಲ್ಲಿ ಹಾಕಿಕೊಟ್ಟು, "ಇದನ್ನ ಒಯ್ದು ನೋಡ್ರಿ. ಇದರಿಂದ ಎದ್ರ ನಿಮ್ಮದು ಕೆಟ್ಟೇತಿ ಅಂತ ತಿಳೀರಿ. ಏಳಲಿಲ್ಲ ಅಂದ್ರ ನಿಮ್ಮದು ಚಲೋ ಐತಿ ಅಂತ," ಎಂದು ಕಳಿಸಿದ.

ಮರುದಿನ ಬೆಳಿಗ್ಗೆ ಮಾವನವರು ಶಾಲು ಹೊದ್ದು, ನಾನು ಸೆರಗು ಸುತ್ತಿಕೊಂಡು ಇಬ್ಬರೂ ಅದರ ಮುಂದೆ ನಿಂತೆವು. ಮಾವನವರು ಗುಂಡಿ ಒತ್ತಿದರು. ಗಿರ್ರ್, ದೀಪ, ಸುಮ್ಮನೆ.

"ಹಂಗಾರ ನಮ್ಮದು ಚಲೋ ಐತಿ," ಎಂದರು ಮಾವನವರು, ಇಸ್ಪೀಟು ತಪ್ಪಿದ ಬೇಸರವನ್ನು ನುಂಗಿಕೊಂಡು.

ನಾನು ದುರಸ್ತಿಯವನಿಗೆ ಫೋನು ಹಚ್ಚಿದೆ. "ಇಲ್ಲಿ ಏಳತೈತಿ, ಅಲ್ಲಿ ಏಳವಲ್ದು ಅಂದ್ರ ನಿಮ್ಮ ಮನಿ ಕರೆಂಟ್ ನೋಡಬೇಕ್ರಿ," ಎಂದ. ಮಾತು ನ್ಯಾಯವಾದದ್ದೇ. ಬೆಳಿಗ್ಗೆ ಊರೆಲ್ಲ ಗೀಜರು, ಮೋಟರು ಹಚ್ಚುವ ಹೊತ್ತು. ವೋಲ್ಟೇಜು ಇಳಿದಿರಬಹುದು. ಇದನ್ನು ಪರೀಕ್ಷಿಸಲು ನನಗೆ ಹೊಳೆದ ದಾರಿಯೆಂದರೆ ಕಂಪ್ಯೂಟರನ್ನು ಬೇರೆ ಕಡೆ ಒಯ್ದು ನೋಡುವುದು. ಓಣಿಯ ತುದಿಯಲ್ಲಿ ಹಿಟ್ಟಿನ ಗಿರಣಿಯವರ ಮನೆಯಿದೆ. ಅವರ ಲೈನು ಬೇರೆ, ವೋಲ್ಟೇಜು ಯಾವಾಗಲೂ ಗಟ್ಟಿ.

ಮರುದಿನ ಎದ್ದ ಕೂಡಲೇ ನನ್ನ ಗಂಡ ಸಿಪಿಯು ಡಬ್ಬಿ ಹೊತ್ತು ಮುಂದೆ, ನಾನು ಮಾನಿಟರ್ ಎದೆಗವಚಿಕೊಂಡು ಹಿಂದೆ, ಓಣಿಯಲ್ಲಿ ನಡೆದೆವು. ನೀರು ಹಿಡಿಯಲು ನಿಂತ ಹೆಂಗಸರೆಲ್ಲ, ಏನು, ಎಲ್ಲಿಗೆ ಎಂದು ಕೇಳುವವರೇ. ಗಿರಣಿಯವರ ಮನೆಯಾಕೆ ಬಾಗಿಲು ತೆಗೆದು, ವಿಷಯ ಕೇಳಿ, ಒಳಗೆ ಹೋಗಿ ಕುಂಕುಮದ ಬಟ್ಟಲು ತಂದಳು.

"ಮದಲನೇ ಸಲ ಮನಿಗೆ ಬಂದೈತಿ, ಹಂಗ ಹ್ಯಾಂಗ ಒಳಗ ಕರಕೊಳ್ಳೂದ್ರಿ?" ಎಂದು ಡಬ್ಬಿಯ ನೆತ್ತಿಗೊಂದು ಬೊಟ್ಟು ಇಟ್ಟಳು.

ಅಲ್ಲಿಯೂ ಏಳಲಿಲ್ಲ. ಗಿರಣಿಯ ಗಟ್ಟಿ ಕರೆಂಟಿಗೂ ಅದು ಗಿರ್ರೆಂದು ಸುಮ್ಮನಾಯಿತು. ನನ್ನ ಗಂಡನ ಮುಖ ಇಳಿಯಿತು. ನನಗೆ ಮಾತ್ರ ಹುರುಪು ಬಂತು. ನಮ್ಮ ಮನೆಯ ಕರೆಂಟಿನದು ತಪ್ಪಲ್ಲ ಎಂದಾಯಿತು, ಎಸ್‌ಎಂಪಿಎಸ್‌ನದೂ ಅಲ್ಲ. ಜಾಗ ಬದಲಾದರೂ ಏಳಲಿಲ್ಲ. ಹಾಗಾದರೆ ಗಜೇಂದ್ರಗಡದಲ್ಲಿ ಏಕೆ ಎದ್ದಿತು? ಅಲ್ಲಿಗೆ ಹೋದಾಗ ಮಧ್ಯಾಹ್ನವಾಗಿತ್ತು. ಮನೆಯಲ್ಲೂ ಅದು ಏಳುವುದು ಮಧ್ಯಾಹ್ನವೇ. ಜಾಗವಲ್ಲ, ಹೊತ್ತು ಮುಖ್ಯ ಎಂದು ಮನೆಗೆ ಬಂದು ರೊಟ್ಟಿ ಬಡಿಯುತ್ತ ಅತ್ತೆಗೆ ಹೇಳಿದೆ.

"ಮುಂಜಾನಿಗೂ ಮಧ್ಯಾನಕ್ಕೂ ಏನ ಫರಕ್ರಿ ಅತ್ತಿ?"

"ಏನ ಫರಕು ಅಂತ ಕೇಳ್ತಿ? ನನ್ನ ಮೊಣಕಾಲ ಕೇಳು. ಮುಂಜಾನೆದ್ದ ಮಡಚಾಕ ಬರೂದಿಲ್ಲ. ಬಿಸಲ ಬಿತ್ತಂದ್ರ ಸಡಲ ಆಕ್ಕಾವು."

ಅವರು ತಮ್ಮ ಮೊಣಕಾಲಿನ ಬಗ್ಗೆ ಹೇಳಿದ್ದು. ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲಿಯೇ ನಿಂತಿತು. ಬಸ್ಸಿನ ಕಿಟಕಿಯ ಬಿಸಿಲು, ಕೌದಿ, ತೊಡೆಯ ಮೇಲೆ ಬೆಚ್ಚಗಿದ್ದ ಡಬ್ಬಿ, ಎಲ್ಲ ಒಮ್ಮೆಲೇ ನೆನಪಾದವು. ಮಾವನವರನ್ನು ಕರೆದು, "ಮಾವಾರ, ಇದನ್ನ ಮಾಳಗಿ ಮ್ಯಾಲ ಬಿಸಲಿಗೆ ಇಟ್ಟ ನೋಡೂನ್ರಿ," ಎಂದೆ.

ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿದ್ದೆವು. ಅದರ ನಡುವೆ ಜಾಗ ಮಾಡಿ ಡಬ್ಬಿಯನ್ನಿಟ್ಟು ಎಳೆಬಿಸಿಲಿಗೆ ಕಾಯಿಸಿದೆವು. ಮಾವನವರು ಕಾಗೆ ಕಾಯುವವರಂತೆ ಪಕ್ಕದಲ್ಲಿ ಕುಳಿತು ಸೀನಿದ್ದೇ ಸೀನಿದ್ದು. ಡಬ್ಬಿಯ ತಗಡು ಬಿಸಿಯಾದ ಮೇಲೆ ಲಗುಬಗೆಯಿಂದ ಕೆಳಗೆ ತಂದು ವೈರು ಸಿಕ್ಕಿಸಿದೆ. ಅಂದು ಬೆಳಗಿನ ಹೊತ್ತಿನಲ್ಲೇ ಎದ್ದಿತು! ಮಾವನವರು ಮೂಗು ಒರೆಸಿಕೊಳ್ಳುತ್ತಲೇ ಇಸ್ಪೀಟಿಗೆ ಕುಳಿತರು.

ಒಂದು ಸಲ ಆದದ್ದು ಅಕಸ್ಮಾತ್ ಆಗಿರಬಹುದು ಎಂದು ಮರುದಿನ ಬೇಕೆಂದೇ ಬಿಸಿಲಿಗೆ ಇಡದೆ ಒತ್ತಿದೆ. ಏಳಲಿಲ್ಲ. ಇಟ್ಟು ಒತ್ತಿದೆ. ಎದ್ದಿತು. ಆಗ ದುರಸ್ತಿಯವನಿಗೆ ಫೋನು ಮಾಡಿ ಎಲ್ಲ ವಿವರವಾಗಿ ಹೇಳಿದೆ. ಆತ ಮೊದಲು ನಕ್ಕ. ಆಮೇಲೆ ಅವನ ದನಿ ಬದಲಾಯಿತು.

"ತಡೀರಿ ಅಕ್ಕಾರ. ಥಂಡಿಗೆ ಏಳೂದಿಲ್ಲ, ಬಿಸಿ ಆದ್ರ ಏಳತೈತಿ. ಹೌದಲ್ರಿ? ಹಂಗಾರ ಕೆಪಾಸಿಟರ್ ಹೋಗಿರಬೇಕು. ಸಣ್ಣ ಸಣ್ಣ ದುಂಡಗಿನ ಡಬ್ಬಿ ಇರತಾವ, ಕರೆಂಟ್ ಹಿಡಿದ ಇಟಗೊಂಡ ಬಿಡತಾವ. ಹಳೇವಾದ್ರ ಥಂಡ್ಯಾಗ ಸೆಟದ ಕುಂದರತಾವ. ಎಸ್‌ಎಂಪಿಎಸ್ ಬದಲಿ ಹಾಕೇವಿ, ಅಂದ್ರ ಮದರ್‌ಬೋರ್ಡಿನ್ಯಾಗಿನವು ಇರಬೇಕು. ಇಲ್ಲಂದ್ರ ಹಾರ್ಡ್‌ಡಿಸ್ಕಿಂದೂ ಇರಬೌದು, ಫೋನಿನ್ಯಾಗ ಹ್ಯಾಂಗ ಹೇಳ್ಲಿ?"

"ಮದರ್ ಅಂದಮ್ಯಾಲ ಹೆಣ್ಣೇ ಆತು," ಎಂದರು ಅತ್ತೆ ಪಕ್ಕದಿಂದ. "ಆ ಕಂಡಕ್ಟರಗ ಹೇಳು."

ದುರಸ್ತಿಯವನು ಆ ವಾರ ಯಾವುದೋ ಶಾಲೆಯ ಕಂಪ್ಯೂಟರುಗಳ ಕೆಲಸದಲ್ಲಿದ್ದ. ವಾರ ಬಿಟ್ಟು ತಂದು ಬಿಡಿ ಎಂದ. ಅಲ್ಲಿಯ ತನಕ ಬಿಸಿಲಿಗೆ ಇಟ್ಟು ಕೆಲಸ ಸಾಗಿಸಿದರಾಯಿತು ಎಂದು ನಾನೂ ಒಪ್ಪಿದೆ. ಆದರೆ ಅದರ ಮರುದಿನವೇ ಮೋಡ ಕವಿಯಿತು. ಹನಿಯಿಲ್ಲ, ಬಿಸಿಲೂ ಇಲ್ಲ, ಮೂಡಣ ಗಾಳಿ ಕೊರೆಯುತ್ತಿತ್ತು. ಮೆಣಸಿನಕಾಯಿ ಕೆಳಗೆ ಬಂತು. ಮಧ್ಯಾಹ್ನವಾದರೂ ಕಂಪ್ಯೂಟರ್ ಏಳಲಿಲ್ಲ, ಸಂಜೆಯಾದರೂ ಇಲ್ಲ. ಇಂಥ ವಾರದಲ್ಲೇ ನರಗುಂದದ ಹೊಲಿಗೆಯಾಕೆ ಬಂದಳು. ತಾಯಿಯ ಸೀರೆ ಬಗಲಲ್ಲಿತ್ತು.

"ಪತ್ರಿಕಿ ನಾಡದ ಪ್ರೆಸ್ಸಿಗೆ ಹೋಗಬೇಕ್ರಿ ಅಕ್ಕಾ. ನಮ್ಮ ಮಂದಿ ಮೂರೂರಾಗ ಚೆಲ್ಲೇತಿ, ಹಂಚೂದ ಯಾವಾಗ?"

ನಾನು ಸಂಗತಿ ಹೇಳಿದೆ. ಬೇರೆ ಯಾರಾದರೂ ಆಗಿದ್ದರೆ ಮುಖ ಸಣ್ಣ ಮಾಡುತ್ತಿದ್ದರು. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು, ಕಂಪ್ಯೂಟರಿನ ಮುಂದೆ ಕುಳಿತು, ಹೊಲಿಗೆ ಯಂತ್ರ ಕೆಟ್ಟಾಗ ನೋಡುವಂತೆ ಅದನ್ನು ಸುತ್ತಲೂ ನೋಡಿದಳು.

"ಬಿಸಲಿಲ್ಲ ಅಂದ್ರ ಬ್ಯಾರೆ ಕಾವು ಕೊಡೂನು. ಇಸ್ತ್ರಿಪೆಟಗಿ ಐತಿಲ್ರಿ?"

ಇಸ್ತ್ರಿಯ ಕಾವು ಹೆಚ್ಚಾಗುತ್ತದೆಂದು ನನಗೆ ಅಂಜಿಕೆ. ಬಿಸಿನೀರಿನ ಚೀಲ ಇತ್ತು, ಆದರೆ ಒಂದು ಹನಿ ಸೋರಿದರೂ ಕೆಟ್ಟಿತು. ಆಗ ಅತ್ತೆ ಎದ್ದುಹೋಗಿ ತಮ್ಮ ಗಂಟು ತಂದರು. ದಪ್ಪ ಬಟ್ಟೆಯಲ್ಲಿ ಜೋಳ ಕಟ್ಟಿ, ಹಂಚಿನ ಮೇಲೆ ಬಿಸಿಮಾಡಿ, ಮೊಣಕಾಲಿಗೆ ಕಾವು ಕೊಟ್ಟುಕೊಳ್ಳುವ ಗಂಟು ಅದು. ಕೈಗೆ ತಾಳುವಷ್ಟೇ ಬಿಸಿ, ನೀರಿನ ಭಯವಿಲ್ಲ.

ಕೂಡಲೇ ದುರಸ್ತಿಯವನಿಗೆ ಫೋನು ಹಚ್ಚಿ ಕೇಳಿದೆ. ಶಾಲೆಯ ಗದ್ದಲದ ನಡುವೆ ಅವನಿಗೆ ಮೊದಲು ತಿಳಿಯಲೇ ಇಲ್ಲ. "ಜ್ವಾಳದ ಗಂಟ? ಕಂಪ್ಯೂಟರಿಗೆ?" ಎಂದು ಎರಡು ಸಲ ಕೇಳಿ ಆಮೇಲೆ ಹೇಳಿದ. "ಕೊಡ್ರಿ. ವೈರ್ ಕಿತ್ತಿಟ್ಟ ಮ್ಯಾಲ ಕೊಡ್ರಿ. ಆದ್ರ ಎಲ್ಲಾ ಕಡೆ ಒಮ್ಮೆಲೆ ಬ್ಯಾಡ. ಒಂದ ಕಡೆ ಕೊಡೂದು, ಒತ್ತಿ ನೋಡೂದು, ಆರೂ ತನಕ ಬಿಡೂದು, ಮತ್ತ ಇನ್ನೊಂದ ಕಡೆ ಕೊಡೂದು. ಎಲ್ಲಿ ಕೊಟ್ರ ಏಳತೈತಿ, ಬ್ಯಾನಿ ಅಲ್ಲೇ ಐತಿ."

ಹಾಗೆ ನಮ್ಮ ನಡುಮನೆಯಲ್ಲಿ ಚಿಕಿತ್ಸೆ ಶುರುವಾಯಿತು. ನಾನು ತಿರುಪು ಬಿಚ್ಚಿ ಡಬ್ಬಿಯ ಪಕ್ಕದ ತಗಡು ತೆಗೆದು, ಅಡ್ಡ ಮಲಗಿಸಿದೆ. ಅತ್ತೆ ಒಲೆಯ ಹತ್ತಿರ ಗಂಟು ಬಿಸಿಮಾಡುವುದು, ಹೊಲಿಗೆಯಾಕೆ ಅದನ್ನು ಹಿಡಿಯುವುದು, ಮಾವನವರು ಗುಂಡಿ ಒತ್ತುವುದು ಎಂದು ಕೆಲಸ ಹಂಚಿಕೊಂಡೆವು. ಎಲ್ಲಿ ಹಿಡಿಯಬೇಕೆಂದು ಬೆರಳು ಮಾಡಿ ತೋರಿಸುವುದು ನನ್ನ ಪಾಲಿಗೆ ಬಂತು.

ಮೊದಲು ಹಾರ್ಡ್‌ಡಿಸ್ಕಿಗೆ ಕಾವು ಕೊಟ್ಟೆವು. ಗಂಟು ತೆಗೆದು ವೈರು ಸಿಕ್ಕಿಸಿ, "ಒತ್ರಿ ಮಾವಾರ," ಎಂದೆ. ಗಿರ್ರ್, ಸುಮ್ಮನೆ. ಸ್ವಲ್ಪ ಹೊತ್ತು ಬಿಟ್ಟು ರ‍್ಯಾಮ್ ಪಟ್ಟಿಗೆ ಕೊಟ್ಟೆವು. ಅಲ್ಲಿಯೂ ಇಲ್ಲ. ಗಂಟು ಮತ್ತೆ ಹಂಚಿನ ಮೇಲೆ ಹೋಯಿತು. ಹುರಿದ ಜೋಳದ ವಾಸನೆ ಮನೆ ತುಂಬಿ, ಎಲ್ಲರಿಗೂ ಹಸಿವೆಯಾಗತೊಡಗಿತು. ಅತ್ತೆ ಒಂದು ಕಡೆ ಚುರಮುರಿ ಒಗ್ಗರಣೆ ಹಾಕಿ ತಟ್ಟೆ ತಂದಿಟ್ಟರು. ತಿನ್ನುತ್ತ ಮುಂದಿನ ಜಾಗ ಯಾವುದೆಂದು ಚರ್ಚೆ ಮಾಡಿದೆವು. ಮಾವನವರಿಗೆ ಗ್ಯಾಸಿನ ಒಲೆಯ ಹತ್ತಿರವೇ ಡಬ್ಬಿಯನ್ನು ಒಯ್ದುಬಿಡುವ ಆಸೆ. ಹೊಲಿಗೆಯಾಕೆ ಒಪ್ಪಲಿಲ್ಲ.

"ಹಂಗ ಮಾಡಿದ್ರ ಏಳತೈತಿ, ಆದ್ರ ಎಲ್ಲಿ ಹರದೈತಿ ಅಂತ ತಿಳಿಯೂದಿಲ್ರಿ ಅಪ್ಪಾರ. ನಾವು ಹೊಲಿಗಿ ಬಿಟ್ಟಲ್ಲೇ ಹೊಲೀಬೇಕು."

ದೊಡ್ಡ ಫ್ಯಾನಿನ ಕೆಳಗೆ ಕಂಪ್ಯೂಟರಿನ ಮಿದುಳು ಎನ್ನುವ ಪ್ರೊಸೆಸರ್ ಇರುತ್ತದೆ. ಅದರ ಒಂದು ಬದಿಗೆ, ವೈರುಗಳ ಮರೆಯಲ್ಲಿ, ದುಂಡಗಿನ ಸಣ್ಣ ಡಬ್ಬಿಗಳು ಸಾಲಾಗಿ ನಿಂತಿದ್ದವು. ವೈರು ಸರಿಸಿ ಅಲ್ಲಿ ಬೆರಳು ತೋರಿಸಿದೆ. ಹೊಲಿಗೆಯಾಕೆ ಗಂಟನ್ನು ಮೃದುವಾಗಿ, ಕೂಸಿನ ನೆತ್ತಿಗೆ ಎಣ್ಣೆ ಒತ್ತುವವರ ಹಾಗೆ ಇಟ್ಟು ಹಿಡಿದಳು. ಗಂಟಿನ ಬಿಸಿ ಆರಿದ ಮೇಲೆ ತೆಗೆದು ವೈರು ಸಿಕ್ಕಿಸಿದೆ. ಮಾವನವರು ಗುಂಡಿ ಒತ್ತಿದರು.

ಫ್ಯಾನು ಗಿರ್ರೆಂದಿತು, ದೀಪ ಹತ್ತಿತು, ಹತ್ತಿಯೇ ಉಳಿಯಿತು. ಪೀಂ ಎಂದು ಒಂದು ಸಣ್ಣ ಸಪ್ಪಳವಾಗಿ ಪರದೆಯ ಮೇಲೆ ಅಕ್ಷರಗಳು ಬಂದವು.

"ಎದ್ದೇತಿ! ಎದ್ದೇತಿ!" ಎಂದು ಮಾವನವರು ಕೂಗಿದ ಕೂಗಿಗೆ ಓಣಿಯಲ್ಲಿ ಹೋಗುತ್ತಿದ್ದ ಯಾರೋ, "ಯಾರ್ರಿ, ಏನಾತು?" ಎಂದು ಬಾಗಿಲಲ್ಲಿ ಇಣುಕಿದರು. ಹೊಲಿಗೆಯಾಕೆ ಗಂಟನ್ನು ಎದೆಗೆ ಒತ್ತಿಕೊಂಡು ನಗುತ್ತಿದ್ದಳು. ಅತ್ತೆ ಅವಳ ಕೈಯಿಂದ ಅದನ್ನು ಇಸಿದುಕೊಂಡು, "ತಾ ಇಲ್ಲೆ, ಇನ್ನ ನನ್ನ ಮೊಣಕಾಲಿಗೆ," ಎಂದರು. ನನಗಂತೂ, ಶಾಲೆಯಲ್ಲಿ ಗಣಿತದ ಲೆಕ್ಕ ಬಿಡಿಸಿದಾಗಲೂ ಅಷ್ಟು ಸಂತೋಷವಾದ ನೆನಪಿಲ್ಲ.

ಇನ್ನು ಬಂದ್ ಮಾಡುವ ಮಾತೇ ಇಲ್ಲ. ತಗಡು ತೆರೆದಿದ್ದಂತೆಯೇ ಕಂಪ್ಯೂಟರನ್ನು ಮಲಗಿಸಿಟ್ಟು, ಕರೆಂಟು ಹೋಗದಿರಲಿ ಎಂದು ದೇವರಿಗೆ ಹೇಳಿಕೊಳ್ಳುತ್ತ ನಾವಿಬ್ಬರೂ ಪತ್ರಿಕೆಗೆ ಕುಳಿತೆವು. ಅವಳು ಸೆರಗು ನೋಡಿ ಎಳೆ ಹೇಳಿದಳು, ನಾನು ಚುಕ್ಕೆ ಕೂಡಿಸಿದೆ. ಉಳಿದ ಮೂರು ಅಂಚು ಮುಗಿದವು. ಮಾವನವರು ಹಿಂದೆ ಕುಳಿತು ನೋಡುತ್ತಿದ್ದವರು, ಕೊನೆಗೆ ಗಂಟಲು ಸರಿಮಾಡಿಕೊಂಡು ಹೇಳಿದರು.

"ಬೇಕಾದ್ರ ಹಿರೇರು ಅಂತ ಹೇಳಿ ನನ್ನ ಹೆಸರ ಹಾಕವಾ. ನಂದೇನ ತಕರಾರಿಲ್ಲ."

ಅವಳು ಹೊರಳಿ ನೋಡಿದಳು. ಅವರು ತಮಾಷೆ ಮಾಡುತ್ತಿರಲಿಲ್ಲ.

"ಭಾಳ ಚಲೋ ಮಾತ ಅಂದ್ರಿ ಅಪ್ಪಾರ. ಆದ್ರ ಕರಿಯಾಕಿ ನಾನ ಇರ್ತೀನಿ. ನೀವು ಮುಂದ ಕುಂತ ಅಕ್ಕಿಕಾಳ ಹಾಕ್ರಿ."

ಮಾವನವರಿಗೆ ಅದು ಹೆಚ್ಚು ಹಿಡಿಸಿತು.

ಅವಳನ್ನು ಬಸ್ಸಿಗೆ ಕಳಿಸಿ ಬಂದ ಮೇಲೆ, ಪತ್ರಿಕೆಯ ಚಿತ್ರವನ್ನು ಮುದ್ರಣಾಲಯಕ್ಕೆ ಕಳಿಸಿ, ಕಂಪ್ಯೂಟರ್ ಬಂದ್ ಮಾಡಿದೆ. ಬ್ಯಾಟರಿ ದೀಪ ಹಿಡಿದು ಆ ಸಣ್ಣ ಡಬ್ಬಿಗಳನ್ನು ಹತ್ತಿರದಿಂದ ನೋಡಿದೆ. ಹೆಚ್ಚಿನವುಗಳ ತಲೆ ಚಪ್ಪಟೆಯಾಗಿತ್ತು. ವೈರಿನ ಮರೆಯಲ್ಲಿದ್ದ ಕೆಲವುಗಳ ತಲೆ ಮಾತ್ರ, ಎಣ್ಣೆಗೆ ಬಿಟ್ಟ ಪೂರಿ ಉಬ್ಬಲು ಶುರುಮಾಡಿದ ಹಾಗೆ, ಸ್ವಲ್ಪ ಮೇಲೆದ್ದಿತ್ತು. ಬೆರಳಿಟ್ಟರೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಫೋಟೋ ತೆಗೆದು ದುರಸ್ತಿಯವನಿಗೆ ಕಳಿಸಿದೆ. ಅವನಿಂದ ಕೂಡಲೇ ಫೋನು ಬಂತು.

"ಇವ ನೋಡ್ರಿ ಕಳ್ಳರು! ಅಂದ ಇಲ್ಲಿ ಚಾಲೂ ಆತು ಅಂತ ನಾನು ವೈರ್ ಸರಿಸಿ ನೋಡ್ಲೇ ಇಲ್ಲ. ತಗೊಂಡ ಬರ್ರಿ ಅಕ್ಕಾರ, ಬದಲಿ ಹಾಕಿ ಕೊಡ್ತೀನಿ. ಬರೂ ಮುಂದ ಜ್ವಾಳದ ಗಂಟೂ ತರ್ರಿ, ಅಂಗಡ್ಯಾಗ ಒಂದ ಇಟಗೋತೀನಿ."

ಅವನು ತಮಾಷೆಗೆ ಹೇಳಿದನೆಂದು ತಿಳಿದಿದ್ದೆ. ಆದರೆ ಅತ್ತೆ ಬಿಡಲಿಲ್ಲ. ಹೊಸ ಬಟ್ಟೆಯಲ್ಲಿ ಹೊಸ ಜೋಳ ಕಟ್ಟಿ ಕಳಿಸಿದರು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬೆಸುಗೆಯ ಕಡ್ಡಿಯ ಪಕ್ಕದಲ್ಲಿ ಇಟ್ಟ. ಉಬ್ಬಿದ ಡಬ್ಬಿಗಳನ್ನು ಒಂದೊಂದಾಗಿ ಕಿತ್ತು ಹೊಸವನ್ನು ಬೆಸೆಯುವುದನ್ನು ನಾನು ಸ್ಟೂಲಿನ ಮೇಲೆ ಕುಳಿತು ನೋಡಿದೆ. ಬಿಸಿ ತವರದ ಹನಿ ಬಿದ್ದು ಹೊಳೆದು ಗಟ್ಟಿಯಾಗುವುದು ನೋಡಲು ಬಲು ಚೆಂದ. ನಮ್ಮ ಎಸ್‌ಎಂಪಿಎಸ್‌ ಮತ್ತೆ ಅದರ ಜಾಗಕ್ಕೆ ಬಂತು. ಕೆಲಸ ಮುಗಿದ ಮೇಲೆ ಅವನು ಚಾಲೂ ಮಾಡಿ ತೋರಿಸಲು ಹೋದ. ನಾನು ಬೇಡವೆಂದೆ. "ಇಲ್ಲಿ ಯಾವಾಗ್ಲೂ ಏಳತೈತ್ರಿ. ನಾಳೆ ಮುಂಜಾನೆದ್ದ ಫೋನ್ ಮಾಡ್ತೀನಿ."

ಮರುದಿನ ಚಳಿ ಇನ್ನೂ ಜೋರಾಗಿತ್ತು. ಮಾವನವರು ಚಹಾ ಕುಡಿಯುವ ಮೊದಲೇ ಹೋಗಿ ಒತ್ತಿದರು. ಎದ್ದಿತು. ಒಳಗಿನಿಂದ ಇಸ್ಪೀಟಿನ ಎಲೆ ಹಂಚುವ ಟಪಟಪ ಸಪ್ಪಳವಷ್ಟೇ ಕೇಳಿಸಿತು. ನಾನು ಗಜೇಂದ್ರಗಡಕ್ಕೆ ಫೋನು ಹಚ್ಚಿದೆ.

ಲಗ್ನ ಅಬ್ಬಿಗೇರಿಯಲ್ಲಿ, ವರನ ಹೊಲದ ಪಕ್ಕದ ಬಯಲಿನಲ್ಲಿ ಸಣ್ಣ ಪೆಂಡಾಲು ಹಾಕಿ ನಡೆಯಿತು. ನಾವು ನಾಲ್ವರೂ ಹೋಗಿದ್ದೆವು. ಮಾವನವರು ಮುಂದಿನ ಸಾಲಿನಲ್ಲಿ ಕುಳಿತು, ಮುಹೂರ್ತಕ್ಕೆ ಎಲ್ಲರಿಗಿಂತ ಹೆಚ್ಚು ಅಕ್ಕಿಕಾಳು ಹಾಕಿದರು. ವರ ಹೊಸ ಅಂಗಿ ತೊಟ್ಟು, ನಾಚಿಕೊಂಡು, ಯಾರು ಏನು ಕೇಳಿದರೂ ಹೆಂಡತಿಯ ಕಡೆ ನೋಡುತ್ತಿದ್ದ. ಊಟಕ್ಕೆ ಗೋಧಿ ಹುಗ್ಗಿ, ತುಪ್ಪ, ಬದನೆಕಾಯಿ ಪಲ್ಯ. ಅವಳು ಬಾಸಿಂಗ ಬಿಚ್ಚಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನೇ ಹುಗ್ಗಿಯ ಬಕೆಟ್ಟು ಹಿಡಿದು ಸಾಲಿಗೆ ಬಂದಳು. ಯಾರೋ ಹಿರಿಯ ಹೆಂಗಸು, "ಮದುಮಗಳು ಬಡಸ್ತಾರೇನ?" ಎಂದು ಆಕ್ಷೇಪಿಸಿದರು. "ನಾ ಕರದೇನಿ, ನಾನ ಬಡಸ್ತೀನಿ ತಗೀರಿ," ಎಂದು ಅವರ ಎಲೆಗೇ ಮೊದಲು ಹಾಕಿದಳು.

ಮರಳುವಾಗ ಬಸ್ಸು ಬರುವುದು ತಡವಾಯಿತು. ರಸ್ತೆಯ ಬದಿಯ ಕಡಲೆ ಹೊಲದಲ್ಲಿ ಒಬ್ಬಳು ಸುಲಗಾಯಿ, ಅಂದರೆ ಹಸಿ ಕಡಲೆಗಿಡದ ಕಟ್ಟುಗಳನ್ನು ಮಾರುತ್ತಿದ್ದಳು. ಅತ್ತೆ ದೊಡ್ಡದೊಂದು ಕಟ್ಟು ಆರಿಸಿ ತಂದರು. ಬಸ್ಸು ಬಂದ ಮೇಲೆ ನಾಲ್ವರೂ ಹಿಂದಿನ ಉದ್ದ ಸೀಟಿನಲ್ಲಿ ಸಾಲಾಗಿ ಕುಳಿತು, ಕಾಯಿ ಸುಲಿದು ತಿನ್ನುತ್ತ, ಸಿಪ್ಪೆಯನ್ನು ಕಿಟಕಿಯಿಂದ ಹಾರಿಸುತ್ತ, ರೋಣ ಬಂದದ್ದೇ ತಿಳಿಯದಂತೆ ಊರು ಸೇರಿದೆವು.